ಹುಳ ಹಣ್ಣಾದ ದಿನ ಕೂತ ಸಮಿತಿ

"ಕುಂಡಿ ತಿರುಗಿಸ್ಕೊಂಡು ನಿಂತವ್ಳೆ ನೋಡು ಅಧ್ಯಕ್ಷೆ! ನಿನ್ನ ಹತ್ರಾನೇ ಕಣೇ ಲೌಡಿ ಮಾತಾಡ್ತಿರೋದು!"

ಬದುವಿನ ಮೇಲಿಂದ ಕೂಗಿದವನು ಮುನಿವೆಂಕಟಪ್ಪ. ನಮ್ಮ ಪಂಚಾಯ್ತಿ ಅಧ್ಯಕ್ಷೆ ಪಿಳ್ಳಮ್ಮ ಅವನ ಹಿಪ್ಪುನೇರಳೆ ತೋಟದಲ್ಲೇ ಬಗ್ಗಿ ಕಡ್ಡಿ ಕುಯ್ಯುತ್ತಿದ್ದಳು. ಮೀಸಲಾತಿಯಿಂದ ಕುರ್ಚಿ ಕಾಲೋನಿಗೆ ಬಂದಿತ್ತು, ಕೂಲಿ ತಪ್ಪಿರಲಿಲ್ಲ. ಪಕ್ಕದ ಸಾಲುಗಳಲ್ಲಿ ಕಾಲೋನಿಯ ಹೆಂಗಸರು ನಾವೂ ಇದ್ದೆವು.

"ಬಗ್ಗಿ ಕುಯ್ಯೋವಾಗ ಕುಂಡಿ ಹಿಂದಕ್ಕೇ ಇರ್ತದೆ ಗೌಡ್ರೆ," ಪಿಳ್ಳಮ್ಮ ಕುಡುಗೋಲು ನಿಲ್ಲಿಸಲಿಲ್ಲ. "ಹೇಳಿ, ಕೇಳಿಸ್ತಾ ಐತೆ."

ನಮಗೆ ನಗು ತಡೆಯಲಿಲ್ಲ. ಸೊಪ್ಪಿನ ಮರೆಯಲ್ಲಿ ತಲೆ ತಗ್ಗಿಸಿಕೊಂಡೆವು.

"ಸಲಹಾ ಸಮಿತಿ ಮಾಡ್ತಾ ಇದೀವಿ. ನನ್ನ ಕಡೆ ಮೂರು ಜನ, ರಮೇಶ್‌ಬಾಬು ಕಡೆ ಮೂರು ಜನ. ಯಾವ ಕೆಲಸ ಯಾವ ಬೀದಿಗೆ ಅನ್ನೋದು ನಾವು ಆರೂ ಜನ ತೀರ್ಮಾನ ಮಾಡ್ತೀವಿ. ನೀನು ಒಂದ್ಸಲ ಒಪ್ಪಿಗೆ ಬರೆದುಕೊಟ್ಟುಬಿಡು, ಆಮ್ಯಾಕೆ ಹಾಯಾಗಿ ಸೊಪ್ಪು ಕುಯ್ಕೊಂಡಿರು."

"ನಮ್ಮ ಬೀದಿಯೋರು ಅದರಾಗೆ ಯಾರು ಗೌಡ್ರೆ?"

"ನಿಮ್ಮೋರಾ? ಸಲಹೆ ಕೊಡೋ ಮುಖ ನೋಡು ಮುಂಡೇವ್ದು!"

ಊರೊಳಗಿನ ಈ ಎರಡು ಪಕ್ಷದವರ ಜಗಳ ನಮಗೆ ಹೊಸದಲ್ಲ. ಮುನಿವೆಂಕಟಪ್ಪನೂ ರಮೇಶ್‌ಬಾಬುವೂ ದಾಯಾದಿಗಳು. ಪಂಚಾಯ್ತಿಯಲ್ಲಿ ಇಬ್ಬರಿಗೂ ಸರಿಸಮ ಸದಸ್ಯರು. ಪ್ರತಿ ಸಭೆಯಲ್ಲೂ ಯಾರಾದರೊಬ್ಬರು ಮೇಜು ಹತ್ತುತ್ತಿದ್ದರು, ಯಾರಾದರೊಬ್ಬರ ಅಂಗಿ ಹರಿಯುತ್ತಿತ್ತು. ಅವರ ಜಗಳದಲ್ಲಿ ನಮ್ಮ ಬೀದಿಗೆ ಅರ್ಧ ತೋಡಿದ ಚರಂಡಿ ಹಾಗೇ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಕಾಲೋನಿಯ ಹಿರಿಯ ಗಂಗುಲಪ್ಪ ಅದರೊಳಗೆ ಬಿದ್ದು ಎದ್ದು, ಕೊನೆಗೆ ಎಲ್ಲಿ ಕಾಲಿಟ್ಟರೆ ಹೇಗೆ ಬೀಳಬಹುದು ಅನ್ನುವುದನ್ನು ಮಕ್ಕಳಿಗೆ ಕಲಿಸುವಷ್ಟಾಗಿದ್ದ. ಈಗ ಬೇಸತ್ತ ತಾಲ್ಲೂಕಿನವರು, ಇಬ್ಬರೂ ಸೇರಿ ಸಮಿತಿ ಮಾಡಿಕೊಳ್ಳಿ, ಇಲ್ಲವಾದರೆ ಅನುದಾನ ವಾಪಸು ಎಂದಿದ್ದರು. ಆರು ಜನರ ಸಮಿತಿಗೆ ಪಿಳ್ಳಮ್ಮ ಒಪ್ಪಿಗೆ ಕೊಟ್ಟುಬಿಟ್ಟರೆ ಚರಂಡಿ ಎಂದಿಗೂ ಮುಚ್ಚುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು.

ಸಮಿತಿಗೆ ಇಬ್ಬರೂ ಒಪ್ಪಿದರು. ಕೂರುವ ಜಾಗಕ್ಕೆ ಮಾತ್ರ ಒಪ್ಪಲಿಲ್ಲ. ಮುನಿವೆಂಕಟಪ್ಪನ ಜಗಲಿಯನ್ನು ರಮೇಶ್‌ಬಾಬು ಹತ್ತುವುದಿಲ್ಲ. ರಮೇಶ್‌ಬಾಬುವಿನ ಹಜಾರದಲ್ಲಿ ಇವನು ನೀರು ಮುಟ್ಟುವುದಿಲ್ಲ. ಹಾಲಿನ ಡೇರಿ ಅವರ ಕಡೆಯದು, ಸೊಸೈಟಿ ಇವರ ಕಡೆಯದು. ದೇವಸ್ಥಾನದಲ್ಲಿ ಕೂರೋಣವೆಂದರೆ ತೀರ್ಥ ಮೊದಲು ಯಾರ ಕೈಗೆ ಎಂದು ಪೂಜಾರಿಯೇ ಹೆದರಿ ಬೀಗ ಹಾಕಿಕೊಂಡು ಹೋದ. ಪಂಚಾಯ್ತಿ ಆಫೀಸಿನಲ್ಲಿ ಮುರಿಯದೆ ಉಳಿದ ಕುರ್ಚಿಗಳಿರಲಿಲ್ಲ.

ಪಿಡಿಒ ಜಗನ್ ಬೈಕಿನಲ್ಲಿ ಊರೆಲ್ಲ ಸುತ್ತಿ ಕೊನೆಗೆ ಪಿಳ್ಳಮ್ಮನ ಮನೆ ಮುಂದೆ ಬಂದು ನಿಂತ.

"ಮೇಡಂ, ಇಬ್ಬರೂ ಕಾಲಿಡದಿರೋ ಜಾಗ ಊರಲ್ಲಿ ಒಂದೇ ಉಳಿದಿರೋದು. ನಿಮ್ಮ ಕಾಲೋನಿ ಭವನ."

"ಭವನದಾಗೆ ನಾವು ರೇಷ್ಮೆ ಹುಳ ಸಾಕಿದೀವಲ್ಲಪ್ಪ."

ನಿಜ. ನಾವು ಹೆಂಗಸರ ಸಂಘದವರು ತುಂಡು ಜಮೀನು ಗುತ್ತಿಗೆಗೆ ಹಿಡಿದು ಸೊಪ್ಪು ಬೆಳೆದಿದ್ದೆವು. ಹುಳದ ಮನೆ ಕಟ್ಟುವ ಶಕ್ತಿ ಎಲ್ಲಿಂದ ಬರಬೇಕು? ಭವನದಲ್ಲೇ ಬಿದಿರಿನ ಅಟ್ಟಣಿಗೆ ಕಟ್ಟಿ ತಟ್ಟೆ ಜೋಡಿಸಿದ್ದೆವು. ನಾಲ್ಕನೇ ಜ್ವರ ಎದ್ದು ಕೊನೆಯ ಪೊರೆ ಕಳಚಿದ ಹುಳ ಹಗಲೂ ರಾತ್ರಿ ಮೇಯುತ್ತಿತ್ತು.

"ಅದರ ಪಕ್ಕದಲ್ಲೇ ಚಾಪೆ ಹಾಕಿ ಮೇಡಂ. ಶುಕ್ರವಾರ ಇಟ್ಕೊಳ್ಳೋಣ."

"ಶುಕ್ರವಾರ ಹುಳ ಹಣ್ಣಾಗ್ತವೆ ಕಣಮ್ಮ, ಗೂಡು ಕಟ್ಟೋಕೆ ನಿಲ್ತವೆ," ಪಕ್ಕದಲ್ಲಿದ್ದ ಗಂಗುಲಪ್ಪ ಪಿಳ್ಳಮ್ಮನ ಕಿವಿಯಲ್ಲಿ ಹೇಳಿದ.

ಪಿಳ್ಳಮ್ಮ ಜಗಿಯುತ್ತಿದ್ದ ಎಲೆ ಅಡಿಕೆ ಉಗಿದು ಬಾಯಿ ಒರೆಸಿಕೊಂಡಳು. "ಆಗ್ಲಿ ಬಿಡು. ಶುಕ್ರವಾರವೇ ಬರಲಿ."

ಶುಕ್ರವಾರ ಆರೂ ಜನ ಬಂದರು. ಗಂಗುಲಪ್ಪ ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ಬಾಂಡ್ಲಿ ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಿದ್ದ.

"ಚಪ್ಪಲಿ ಆಚೆ ಗೌಡ್ರೆ. ಕಾಲು ಇದರಾಗೆ ಅದ್ದಿ."

ಮುನಿವೆಂಕಟಪ್ಪನ ಮೀಸೆ ಅದುರಿತು. ಅವನ ಬೀದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರು ನಾವು. "ಏಮಿರಾ ಗಂಗುಲಾ, ನನಗೇ ಹೇಳ್ತೀಯೇನೋ?"

"ನಾನೆಲ್ಲಿ ಹೇಳ್ಲಿ ಗೌಡ್ರೆ? ಹುಳ ಹೇಳ್ತವೆ."

ಹುಳದ ವಿಷಯದಲ್ಲಿ ಮುನಿವೆಂಕಟಪ್ಪ ಎದುರಾಡುವವನಲ್ಲ. ಸೊಸೆಯ ಕಡೆಯ ಬೀಗರನ್ನೂ ಕಾಲು ತೊಳೆಸದೆ ತನ್ನ ಹುಳದ ಮನೆಗೆ ಬಿಟ್ಟವನಲ್ಲ. ಪಂಚೆ ಎತ್ತಿಕೊಂಡು ಬಾಂಡ್ಲಿಯಲ್ಲಿ ಕಾಲಿಟ್ಟ. ಹಿಂದಿನಿಂದ ರಮೇಶ್‌ಬಾಬು ಕಿಸಕ್ಕನೆ ನಕ್ಕ. ಆ ನಗು ಬಹಳ ಹೊತ್ತು ಉಳಿಯಲಿಲ್ಲ.

"ಬಾಬಣ್ಣ, ಸೆಂಟು ಬಡ್ಕೊಂಡು ಬಂದಿದೀರಿ. ಹುಳ ಸಾಯ್ತವೆ. ಅಂಗಿ ಬಿಚ್ಚಿ ಆಚೆ ಹಾಕಿ, ಕತ್ತು ತೊಳ್ಕೊಳಿ," ಎಂದ ಗಂಗುಲಪ್ಪ.

ಗರಿಗರಿ ಬಿಳಿ ಅಂಗಿಯ ರಮೇಶ್‌ಬಾಬು ತೂತು ಬಿದ್ದ ಬನಿಯನ್ನಿನಲ್ಲಿ ಒಳಗೆ ಬಂದು ಚಾಪೆಯ ಮೇಲೆ ಕೂತ.

"ಇನ್ನೊಂದು ಮಾತು," ಪಿಳ್ಳಮ್ಮ ಹೇಳಿದಳು. "ಕೂಗಾಡಂಗಿಲ್ಲ. ಹುಳ ಬೆದರಿ ಮೇವು ಬಿಡ್ತವೆ."

ಹಾಗಾಗಿ ನಮ್ಮೂರಿನ ಎರಡು ಪಕ್ಷಗಳು ಮೊದಲ ಸಲ ಪಿಸುಮಾತಿನಲ್ಲಿ ಜಗಳಾಡಿದವು.

"ಸಂಚಾಲಕ ನಾನೇ ಕಣೋ," ಮುನಿವೆಂಕಟಪ್ಪ ಪಿಸುಗುಟ್ಟಿದ.

"ನಿನ್ನ ತಾತ ಬಂದ್ರೂ ಆಗಲ್ಲ ಬೋಳಿಮಗನೆ," ರಮೇಶ್‌ಬಾಬು ಅಷ್ಟೇ ಮೆಲ್ಲಗೆ ಅಂದ.

"ತಾತನ ಸುದ್ದಿ ಎತ್ತಿದ್ರೆ ಹಲ್ಲು ಉದುರಿಸ್ತೀನಿ ದೊಂಗನಾಕೊಡಕಾ."

"ಮೆಲ್ಲಗೆ, ಮೆಲ್ಲಗೆ," ಎಂದ ಜಗನ್. ನಾವು ಸೆರಗನ್ನು ಬಾಯಿಗೆ ತುರುಕಿಕೊಂಡು ಸೊಪ್ಪು ಹಾಕುತ್ತಿದ್ದೆವು. ಪಿಳ್ಳಮ್ಮ ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಮುನಿವೆಂಕಟಪ್ಪ, ಸೊಪ್ಪು ಹಾಕೋ ಕಡೆ ನೋಡು ಎಂದು ಕೈ ಬೀಸಿದ. ಸಮಿತಿಯಲ್ಲಿ ಕಾಲೋನಿಗೆ ಜಾಗ ಕೊಡುವ ಮಾತನ್ನು ಇಬ್ಬರಲ್ಲಿ ಒಬ್ಬರೂ ಎತ್ತಲಿಲ್ಲ. ಆ ಒಂದರಲ್ಲಿ ಮಾತ್ರ ಅವರಿಗೆ ಪೂರ್ತಿ ಒಮ್ಮತವಿತ್ತು.

ಮಧ್ಯಾಹ್ನದ ಬಿಸಿಲಿಗೆ ಚಾವಣಿಯ ಶೀಟು ಕಾದಿತು. ಹುಳ ಮೇಯುವ ಸದ್ದು ಇಳಿಯುತ್ತ ಬಂತು. ನಾವು ತಟ್ಟೆ ನೋಡಿದರೆ ಹುಳಗಳು ಮೇವು ಬಿಟ್ಟು, ಮೈ ಜೇನಿನ ಬಣ್ಣಕ್ಕೆ ತಿರುಗಿ, ತಲೆ ಎತ್ತಿ ಆಸರೆ ಹುಡುಕುತ್ತಿದ್ದವು. ಒಂದೆರಡಲ್ಲ, ಸಾಲು ಸಾಲು.

"ಅಕ್ಕಾ, ಹಣ್ಣಾದವು!"

ಹಣ್ಣುಹುಳವನ್ನು ಆಗಿಂದಾಗ ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ, ಸೊಪ್ಪಿನ ಕಸದಲ್ಲೇ ನೂಲು ಬಿಡುತ್ತವೆ. ಅಂಥ ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಮೂಸಿ ನೋಡುವವರಿಲ್ಲ. ಸುತ್ತು ಸುತ್ತು ಹೆಣೆದ ಬಿದಿರಿನ ಚಂದ್ರಿಕೆಗಳನ್ನು ನಾವು ಇಳಿಸತೊಡಗಿದೆವು. ನಮ್ಮ ಕೈ ಸಾಲುತ್ತಿರಲಿಲ್ಲ.

ಮುನಿವೆಂಕಟಪ್ಪ ಎರಡು ಗಳಿಗೆ ತಡೆದುಕೊಂಡ. ಪಕ್ಕದ ತಟ್ಟೆಯಿಂದ ಒಂದು ಹುಳ ಅಂಚು ದಾಟಿ ಬೀಳುವಂತಾಯಿತು. ಅವನ ಕೈ ತಾನಾಗಿ ಹೋಗಿ ಅದನ್ನು ಹಿಡಿಯಿತು. ಹಿಂದೆಯೇ ಇನ್ನೊಂದು. "ಹಿಂಗಾ ಆರಿಸೋದು ಲೌಡೀರಾ? ಮೆತ್ತಗೆ!" ಎಂದು ಗೊಣಗುತ್ತ ಎದ್ದೇ ನಿಂತ.

ಕಾಲೋನಿಯ ಹೆಂಗಸರ ಮುಂದೆ ಮುನಿವೆಂಕಟಪ್ಪ ಹೆಸರು ಕಟ್ಟಿಕೊಳ್ಳುವುದನ್ನು ರಮೇಶ್‌ಬಾಬು ನೋಡಿಕೊಂಡು ಕೂರುತ್ತಾನೆಯೇ? "ಏಳ್ರೋ, ನಾವೇನು ಕೈ ಇಲ್ದೋರಾ?" ಎಂದು ತನ್ನವರನ್ನು ಎಬ್ಬಿಸಿದ. ಅವರು ಆರಿಸುವುದು ಕಂಡು ಇವರು, ಇವರು ಆರಿಸುವುದು ಕಂಡು ಅವರು. ಆರು ಜನರೂ ತಟ್ಟೆಗಳ ಮೇಲೆ ಬಗ್ಗಿ, ಬೊಗಸೆ ತುಂಬ ಹಣ್ಣುಹುಳ ತುಂಬಿಕೊಂಡರು.

ಪಿಳ್ಳಮ್ಮ ನಮ್ಮ ಕಡೆ ನೋಡಿದಳು. ಬೇರೇನೂ ಮಾಡಲಿಲ್ಲ. ನಾವು ಚಂದ್ರಿಕೆಗಳನ್ನು ಎದೆಗವಚಿಕೊಂಡು ಗೋಡೆಯ ಕಡೆ ಸರಿದೆವು.

"ಜಗನ್ ಸಾ, ಬರ್ಕೊಳ್ಳಿ," ಎಂದಳು. "ಸಮಿತಿಗೆ ಅವರ ಕಡೆ ಮೂರು ಜನ, ಇವರ ಕಡೆ ಮೂರು ಜನ, ಕಾಲೋನಿಯೋರು ಮೂರು ಜನ. ಸಂಚಾಲಕಿ ನಾನು. ಮೊದಲ್ನೇ ಕೆಲಸ ನಮ್ಮ ಬೀದಿ ಚರಂಡಿ. ಒಪ್ಪದೇ ಇರೋರು ಕೈ ಎತ್ತಿ."

ಆರು ಜೊತೆ ಕೈ ಬೊಗಸೆಯಾಗಿಯೇ ನಿಂತವು. ಎತ್ತಿದರೆ ಹುಳ ನೆಲಕ್ಕೆ. ಹಣ್ಣುಹುಳ ನೆಲಕ್ಕೆ ಚೆಲ್ಲಿದ ರೈತನನ್ನು ನಮ್ಮ ಸೀಮೆಯಲ್ಲಿ ಯಾರೂ ಕಂಡಿಲ್ಲ.

"ಚಂದ್ರಿಕೆ ತತ್ತಾರೇ!" ಮುನಿವೆಂಕಟಪ್ಪ ನಮ್ಮ ಕಡೆ ತಿರುಗಿ ಹಲ್ಲು ಕಚ್ಚಿದ.

"ತತ್ತೀವಿ ಗೌಡ್ರೆ," ಎಂದೆವು. "ಎಣಿಕೆ ಮುಗೀಲಿ."

"ಬಾಯಲ್ಲಿ ಹೇಳ್ತಾ ಇದೀನಿ, ನನಗೆ ಒಪ್ಪಿಗೆ ಇಲ್ಲ!" ರಮೇಶ್‌ಬಾಬು ಬನಿಯನ್ನಿನಲ್ಲಿ ಬೆವರುತ್ತ ಹೇಳಿದ.

"ಬಾಬಣ್ಣ, ಕೈ ಎತ್ತಿದ್ರೇನೇ ಲೆಕ್ಕ," ಎಂದ ಜಗನ್ ತಲೆ ಎತ್ತದೆ. ಅವನ ಪೆನ್ನು ಅಷ್ಟು ಚುರುಕಾಗಿ ಓಡಿದ್ದನ್ನು ನಾವು ಯಾವ ಸಭೆಯಲ್ಲೂ ನೋಡಿರಲಿಲ್ಲ.

"ಯಾರೂ ಎತ್ತಲಿಲ್ಲ," ಪಿಳ್ಳಮ್ಮ ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಪೆನ್ನು ಇಸಿದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಸೈನು ಹಾಕತೊಡಗಿದಳು. ಅವಳಿಗೆ ಅವಸರವಿರಲಿಲ್ಲ.

ಮುನಿವೆಂಕಟಪ್ಪ ಬಾಯಿ ತೆರೆದ. ಕೂಗುವಂತಿರಲಿಲ್ಲ. ಅವನ ಬೊಗಸೆಯಲ್ಲಿದ್ದ ಹುಳವೊಂದು ತಲೆ ಎತ್ತಿ ಅತ್ತ ಇತ್ತ ಆಡಿಸಿ, ಬೇರೆ ಆಸರೆ ಕಾಣದೆ, ಅವನ ಹೆಬ್ಬೆರಳಿಗೇ ಮೊದಲ ಎಳೆ ಸುತ್ತಿತು.