ಓರೆ ಕೊಯ್ದ ಪಟ್ಟಿ

ಪೀಣ್ಯ ಎರಡನೇ ಹಂತದಲ್ಲಿ, ಲೇತ್ ಯಂತ್ರಗಳು ಇಡೀ ದಿನ ಕಿರುಗುಟ್ಟುವ ಶೆಡ್ಡೊಂದರ ಮೇಲಿನ ಮಹಡಿಯಲ್ಲಿ ಯಮುನಾಳ ಪುಟ್ಟ ಪ್ರಯೋಗಾಲಯವಿತ್ತು. ಅಂದು ಹನ್ನೊಂದಕ್ಕೆ ಶಿವಶಂಕರ್ ಬರುವವರಿದ್ದರು. ಅವರು ಅತ್ತಿಬೆಲೆಯಲ್ಲಿ ಸಸಿ ಬೆಳೆಸುವ ಗಾಜಿನ ಪೆಟ್ಟಿಗೆಗಳನ್ನು ತಯಾರಿಸುತ್ತಿದ್ದರು. ಪೆಟ್ಟಿಗೆಯೊಳಗೆ ಸದಾ ತೇವ. ಗಾಳಿಕಿಂಡಿ ತೆರೆಯಲು ಹಾಕಿದ ಮೋಟರುಗಳೆಲ್ಲ ವರ್ಷ ತುಂಬುವುದರೊಳಗೆ ತುಕ್ಕು ಹಿಡಿಯುತ್ತಿದ್ದವು. ಮೋಟರಿಲ್ಲದೆ, ವೈರಿಲ್ಲದೆ, ಬೆಳಕು ಬಿದ್ದೊಡನೆ ತಾನಾಗಿ ತೆರೆಯುವ ಕಿಂಡಿ ತೋರಿಸುತ್ತೇನೆಂದು ಯಮುನಾ ಮಾತು ಕೊಟ್ಟಿದ್ದಳು. ಅವಳ ಮೂರು ವರ್ಷದ ಕೆಲಸವನ್ನು ತಮಗೆ ಬೇಕೆಂದು ನೋಡಲು ಬರುತ್ತಿದ್ದವರು ಅವರೊಬ್ಬರೇ.

ಒಂಬತ್ತೂವರೆಗೆ ಅವಳು ಜೇನಿನ ಬಣ್ಣದ ತೆಳು ಪಟ್ಟಿಯೊಂದನ್ನು ಕ್ಲಿಪ್ಪಿಗೆ ಸಿಕ್ಕಿಸಿ ನೇರಳೆ ದೀಪ ಹಚ್ಚಿದಳು. ಪಟ್ಟಿ ಬಾಗಿ ಕಿಂಡಿಯ ಮುಚ್ಚಳವನ್ನು ಎತ್ತಬೇಕಿತ್ತು. ಅದು ಎತ್ತಲಿಲ್ಲ. ಹಪ್ಪಳ ಎಣ್ಣೆಗೆ ಬಿದ್ದಂತೆ ಸೊಟ್ಟಗಾಗಿ, ತಿರುಪಿನ ಹಾಗೆ ಸುತ್ತಿಕೊಂಡಿತು. ದೀಪ ಆರಿಸಿದಾಗ ಏನೂ ಆಗದ ಹಾಗೆ ನೆಟ್ಟಗಾಯಿತು.

ಉಳಿದೆರಡು ಪಟ್ಟಿಗಳೂ ಅದನ್ನೇ ಮಾಡಿದವು.

ಯಮುನಾ ಸ್ಟೂಲಿನ ಮೇಲೆ ಕೂತಳು. ಪಟ್ಟಿ ಕತ್ತರಿಸಿದ ಹಾಳೆಯಲ್ಲಿರುವುದು ಬೆಳಕು ತಾಗಿದರೆ ಕಾಲು ಮಡಚುವ ಅಣುಗಳು. ಒಂದೊಂದರ ಬಲ ಲೆಕ್ಕಕ್ಕೇ ಬಾರದಷ್ಟು. ಕೋಟಿಗಟ್ಟಲೆ ಅಣುಗಳು ಒಂದೇ ದಿಕ್ಕಿಗೆ ಮಲಗಿ, ಒಟ್ಟಿಗೆ ಕಾಲು ಮಡಚಿದರೆ ಮಾತ್ರ ಹಾಳೆ ಬಾಗುತ್ತದೆ. ಹಾಗೆ ಮಲಗಿಸಲೆಂದೇ ಅಚ್ಚಿನ ಗಾಜನ್ನು ಮಖಮಲ್ ಬಟ್ಟೆಯಿಂದ ಒಂದೇ ದಿಕ್ಕಿಗೆ ಉಜ್ಜಿ, ಆ ದಿಕ್ಕನ್ನು ಹಾಳೆಯ ಅಂಚಿನಲ್ಲಿ ಬಾಣ ಬರೆದು ಗುರುತಿಸುತ್ತಿದ್ದಳು. ಉಜ್ಜಿದ್ದು ತಪ್ಪಿತೇ? ರಾಸಾಯನಿಕ ಕೆಟ್ಟಿತೇ? ಹೊಸ ಹಾಳೆಗೆ ಎರಡು ದಿನ ಬೇಕು.

ಕಸದ ಡಬ್ಬಿಯಲ್ಲಿ ಹಾಳೆಯ ಚೂರುಗಳು ಕಂಡವು. ಎಲ್ಲವೂ ತ್ರಿಕೋನಗಳು. ಕತ್ತರಿ ಬಾಣದ ಗುಂಟ ಹೋಗಬೇಕಿತ್ತು; ಓರೆಯಾಗಿ ಹೋಗಿತ್ತು.

"ಮಹಾದೇವಿ ಅವ್ರೇ, ಇದನ್ನ ಹೀಗೆ ಯಾಕೆ ಕತ್ತರಿಸಿದ್ರಿ?"

ಮಹಾದೇವಿ ಗಾಜು ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ಬಂದಳು. ಸಿಂದಗಿ ಕಡೆಯವಳು, ಆರು ವರ್ಷ ಗಾರ್ಮೆಂಟ್ಸಿನಲ್ಲಿದ್ದು, ಇಲ್ಲಿ ಸಹಾಯಕಿಯಾಗಿ ಸೇರಿ ಒಂದು ತಿಂಗಳಾಗಿತ್ತು.

"ಬಾಗೂ ಪಟ್ಟಿ ಅಂದ್ರಲ್ರೀ ಮೇಡಂ. ಅದಕ್ಕ ಕ್ರಾಸ್ ಕೊಯ್ದೀನ್ರಿ."

"ಬಾಣ ನೋಡ್ಲಿಲ್ವಾ?"

"ನೋಡೇ ಕೊಯ್ದೀನ್ರಿ! ನಮ್ಮ ಗಾರ್ಮೆಂಟ್ಸ್‌ನ್ಯಾಗೂ ಬಾಣ ಹಾಕತಿದ್ರು, ನೂಲು ಈ ಕಡಿ ಓಡತೈತಿ ಅಂತ. ಜಂಪರಿನ ಕೊರಳಿಗಿ ಹಚ್ಚೂ ಪಟ್ಟಿ ನೂಲಿನಗುಂಟ ಕೊಯ್ದ್ರ ಬಾಗೂದಿಲ್ರಿ, ಸುಕ್ಕು ಬೀಳತೈತಿ. ಓರೆ ಕೊಯ್ದ್ರ ಹೇಳ್ದಂಗ ಕೇಳತೈತಿ." ಅವಳು ಯಮುನಾಳ ಮುಖ ನೋಡಿ ದನಿ ತಗ್ಗಿಸಿದಳು. "ತಪ್ಪಾತೇನ್ರಿ?"

ಬಾಣದ ಅರ್ಥ ಹೇಳದೆ ಕತ್ತರಿ ಕೊಟ್ಟವಳು ತಾನು. ಯಮುನಾಳಿಗೆ ನಗು ಬಂತು. "ಇಲ್ಲಪ್ಪ. ನಾನು ಹೇಳ್ಬೇಕಿತ್ತು. ಆದ್ರೆ ಮುಚ್ಚಳ ಎತ್ತೋದಿಲ್ವಲ್ಲ, ಸುಮ್ನೆ ತಿರುಗುತ್ತೆ."

"ತಿರುಗಿದ್ರ ತಿರುಗಲಿ ಬಿಡ್ರಿ. ನಮ್ಮ ಬಾಡಿಗಿ ಖೋಲಿ ಬಚ್ಚಲದಾಗ ಗಾಜಿನ ಪಟ್ಟಿ ಕಿಟಕಿ ಐತಿ. ಅದನ್ಯಾರು ಎತ್ತತಾರು? ತಿರುವಿದ್ರ ಗಾಳಿ ಬರತೈತಿ."

ಯಮುನಾ ಕಿಂಡಿಯ ಮುಚ್ಚಳ ಕಳಚಿದಳು. ಮುಚ್ಚಳ ಭಾರವೆಂದು ತಿಂಗಳುಗಟ್ಟಲೆ ಅದನ್ನು ತೆಳುಮಾಡುತ್ತ ಕೂತಿದ್ದಳು. ಎತ್ತುವುದಕ್ಕಲ್ಲವೇ ಭಾರ, ತಿರುಗಿಸುವುದಕ್ಕೇನು!

ಹತ್ತೂಮುಕ್ಕಾಲರ ಹೊತ್ತಿಗೆ ಓರೆ ಪಟ್ಟಿಯ ಒಂದು ತುದಿ ಚೌಕಟ್ಟಿಗೆ, ಇನ್ನೊಂದು ತುದಿ ಕಿಂಡಿಯ ನಡುವೆ ಸೂಜಿಯ ಮೇಲೆ ನಿಲ್ಲಿಸಿದ ಪ್ಲಾಸ್ಟಿಕ್ ಹಲಗೆಗೆ ಅಂಟಿತ್ತು. ಅಂಟು ಒಣಗಲೆಂದು ಮಹಾದೇವಿ ರಟ್ಟಿನಿಂದ ಬೀಸುತ್ತಿದ್ದಾಗಲೇ ಶಿವಶಂಕರ್ ಮೆಟ್ಟಿಲು ಹತ್ತಿ ಬಂದರು.

ದೀಪ ಹತ್ತಿತು. ಪಟ್ಟಿ ಸುತ್ತಿಕೊಂಡಿತು. ಹಲಗೆ ಕಾಲು ಸುತ್ತು ತಿರುಗಿ ನಿಂತು ಕಿಂಡಿ ತೆರೆಯಿತು.

ಶಿವಶಂಕರ್ ಬಗ್ಗಿ ಮೇಜಿನ ಕೆಳಗೆ ಕೈಯಾಡಿಸಿದರು. "ಮೋಟರ್ ಎಲ್ಲಿ ಬಚ್ಚಿಟ್ಟಿದೀರಾ ಮೇಡಂ?"

"ಇಲ್ಲ ಸಾರ್. ಕೈ ಅಡ್ಡ ಹಿಡಿದು ನೋಡಿ."

ಅವರು ಅಂಗೈ ಅಡ್ಡ ಹಿಡಿದರು. ಹಲಗೆ ಮುಚ್ಚಿಕೊಂಡಿತು. ತೆಗೆದರು, ತೆರೆಯಿತು. ಆರೇಳು ಸಲ ಹಾಗೆಯೇ ಮಾಡಿ, "ದೀಪಕ್ಕಾಯ್ತು. ಬಿಸಿಲಿಗೆ?" ಎಂದು ಚೌಕಟ್ಟನ್ನು ತಾವೇ ಎತ್ತಿಕೊಂಡು ತಾರಸಿಗೆ ಹೊರಟರು. ಯಮುನಾ ಹಿಂದೆಯೇ ಓಡಿದಳು; ಈ ಪಟ್ಟಿಯನ್ನು ಅವಳು ಬಿಸಿಲಿಗೆ ಒಡ್ಡಿರಲಿಲ್ಲ. ಬಿಸಿಲಲ್ಲಿ ಹಲಗೆ ನಿಧಾನವಾಗಿ, ಸೋಮಾರಿಯಂತೆ ಹೊರಳಿತು. ಆದರೆ ಹೊರಳಿತು.

"ಸಾಕು. ನನ್ನ ಸಸಿಗಳಿಗೇನು ಅವಸರ?" ಎಂದರು ಶಿವಶಂಕರ್. "ಮೊದ್ಲು ಹನ್ನೆರಡು ಪೆಟ್ಟಿಗೆಗೆ ಮಾಡ್ಕೊಡಿ. ಇಷ್ಟೇ ಓರೆ ಇರ್ಲಿ."

ಅವರು ಹೋದ ಮೇಲೆ ಯಮುನಾ ಕೋನಮಾಪಕ ಹುಡುಕಿದಳು. "ಎಷ್ಟು ಓರೆ ಕೊಯ್ದಿದ್ರಿ? ಅಳತೆ ಬರ್ಕೋಬೇಕು."

ಮಹಾದೇವಿ ಹಳೇ ಪೇಪರಿನ ಮೂಲೆ ಹಿಡಿದು ಪಕ್ಕದ ಅಂಚಿಗೆ ಸರಿಯಾಗಿ ಮಡಚಿ, ಮಡಿಕೆಯ ಮೇಲೆ ಉಗುರು ಎಳೆದಳು.

"ಇಷ್ಟ ನೋಡ್ರಿ. ಇದಕ್ಯಾಕ ಅಳತಿ?"

ಯಮುನಾ ನೋಟ್‌ಬುಕ್ಕಿನಲ್ಲಿ ನಲವತ್ತೈದು ಎಂದು ಬರೆದು, ಪಕ್ಕದಲ್ಲಿ ಆ ಮಡಚಿದ ಪೇಪರನ್ನೂ ಅಂಟಿಸಿದಳು.