ನೀರಾನೆಗೆ ನಗದ ಮಕ್ಕಳು

ಬೆಳಿಗ್ಗೆ ಹತ್ತೂವರೆಗೆ ಶಿಶುವಿಹಾರದ ಮಕ್ಕಳಿಗೆ ನೀರಾನೆಯ ಹೊಸ ಪುಸ್ತಕ ತೋರಿಸಲಾಯಿತು. ಯಾರೂ ನಗಲಿಲ್ಲ.

ಆ ಪುಸ್ತಕ ತರುತ್ತಿದ್ದ ಪ್ರಕಾಶನದಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಪ್ರಾಣಿಗಳ ತಮಾಷೆ ಪುಸ್ತಕ ಯಾವುದೇ ಇರಲಿ, ಅಚ್ಚಿಗೆ ಹೋಗುವ ಮುಂಚೆ ಅದರ ಕರಡನ್ನು ಒಂದು ತರಗತಿಯ ಮುಂದೆ ಓದಬೇಕು. ಸಂಪಾದಕ ಹಿಂದಿನ ಬೆಂಚಿನಲ್ಲಿ ಕೂತು, ತನ್ನ ಪ್ರತಿಯಲ್ಲಿ ನಗು ಬಂದ ಪುಟದ ಮೂಲೆಗೆ ಪೆನ್ಸಿಲಿನ ಗುರುತು ಹಾಕಬೇಕು. ಹೊಟ್ಟೆಬಾಕ ನೀರಾನೆಯ ಹಿಂದಿನ ಪುಸ್ತಕಗಳಲ್ಲಿ ಗುರುತಿಲ್ಲದ ಪುಟ ಹುಡುಕಬೇಕಿತ್ತು. ಈ ಸಲ ಪೂರ್ತಿ ಖಾಲಿ.

ಕಥೆ ಬರೆದು ಓದಿದವಳು ಸಂಪಾದಕನ ತಂಗಿ. ಚಿತ್ರ ಬರೆದವನು ಅವಳ ಗಂಡ. ಹಿಂದಿನ ವರ್ಷ ಲಕ್ವ ಹೊಡೆದು ಅವನ ಬಲಗೈ ಸ್ವಾಧೀನ ತಪ್ಪಿತ್ತು. ತಿಂಗಳುಗಟ್ಟಲೆ ಎಡಗೈಗೆ ಕುಂಚ ಹಿಡಿಯುವುದನ್ನು ಕಲಿಸಿ ಈ ಪುಸ್ತಕ ಮುಗಿಸಿದ್ದ. ಬೇರೆ ಕೆಲಸ ಅವನಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

“ಕಥೆ ಚೆನ್ನಾಗಿದೆ ಕಣೇ,” ಎಂದ ಅಣ್ಣ, ಕಾರಿಡಾರಿನಲ್ಲಿ. “ಚಿತ್ರ ಬೇರೆಯವರಿಗೆ ಕೊಡಬೇಕಾಗುತ್ತೆ.”

“ಇನ್ನೊಂದು ತರಗತಿಗೆ ತೋರಿಸೋಣ ಅಣ್ಣ. ಈ ಮಕ್ಕಳಿಗೆಲ್ಲ ನೆಗಡಿ.”

“ನೆಗಡಿ ಬಂದ್ರೆ ನಗಬಾರ್ದು ಅಂತ ಯಾವ ಡಾಕ್ಟರ್ ಹೇಳಿದ?”

ಅಣ್ಣ ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡ. “ಸರಿ, ಇನ್ನೊಂದೇ ಸಲ. ನಕ್ಕರೆ ಅಚ್ಚಿಗೆ. ಇಲ್ದಿದ್ರೆ ಬೇರೆಯವರು.”

ಮನೆಗೆ ಬಂದಾಗ ಗಂಡ ಕಿಟಕಿಯ ಪಕ್ಕದ ಮೇಜಿನ ಮುಂದೆ ಕೂತಿದ್ದ. ಚಪ್ಪಲಿ ಬಿಡುವ ಮೊದಲೇ ಅವಳು ಸತ್ಯದ ತಲೆ ಮೇಲೆ ಹೊಡೆದ ಹಾಗೆ ಹೇಳಿದಳು: “ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯ್ತು ಅವಕ್ಕೆ.”

“ಯಾವ ಪುಟಕ್ಕೆ?”

“ಸ್ನಾನದ ತೊಟ್ಟಿಲಿ ಸಿಕ್ಕಿಹಾಕ್ಕೊಳ್ಳತ್ತಲ್ಲ, ಅದಕ್ಕೆ.”

“ಬಾಗಿಲಲ್ಲಿ ತೂರಕ್ಕಾಗದೆ ಒದ್ದಾಡತ್ತಲ್ಲ, ಅದಕ್ಕೆ?”

“ಅದಕ್ಕೂ.”

ಅವನ ಬಾಯಿ ಈಗ ಒಂದೇ ಬದಿಗೆ ನಗುತ್ತಿತ್ತು. ಆ ಬದಿ ನಕ್ಕಿತು. “ಭಾವ ಏನಂದ್ರು?”

“ಇನ್ನೊಂದು ತರಗತಿಗೆ ತೋರಿಸಬೇಕಂತೆ. ಸುಮ್ನೆ, ಶಾಸ್ತ್ರಕ್ಕೆ.”

“ಹಾಗಾದ್ರೆ ನಾನೂ ಬರ್ತೀನಿ. ಹಾಸಿಗೆ ಹಿಡಿದಾಗಿಂದ ಮಕ್ಕಳ ನಗು ಕಿವಿಗೆ ಬಿದ್ದೇ ಇಲ್ಲ.”

ನಿಜ ಹೇಳಬೇಕೆಂದು ಅವಳು ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಮಾತ್ರೆ ತಗೊಂಡ್ರಾ ಎಂದು ಕೇಳಿದಳು. ಆಮೇಲೆ ಶಿಶುವಿಹಾರಕ್ಕೆ ಹೋಗಿ ಇನ್ನೊಂದು ತರಗತಿಯ ಟೀಚರನ್ನು ಕಂಡು, ಮಕ್ಕಳು ಹೇಗಾದರೂ ನಗುವ ಹಾಗೆ ಮಾಡು ಎಂದಳು. ಇಬ್ಬರೂ ಶಾಲೆಯಲ್ಲಿ ಒಟ್ಟಿಗೆ ಓದಿದವರು.

“ಅದೇನು ಮಹಾ,” ಎಂದಳು ಟೀಚರ್. “ನಾನು ಕೈ ಎತ್ತಿದ್ರೆ ನಗಿ ಅಂತ ಹೇಳಿಡ್ತೀನಿ. ನನ್ನ ಮಕ್ಕಳು ಹೇಳಿದ ಮಾತು ಮೀರಲ್ಲ.”

ಎರಡನೆಯ ಪರೀಕ್ಷೆಯ ದಿನ ಸಂಪಾದಕ ಹಿಂದೆ ಕೂತ. ಟೀಚರ್ ಪಕ್ಕದ ಗೋಡೆಯ ಬಳಿ, ಮಕ್ಕಳಿಗೆ ಕಾಣುವ ಹಾಗೆ ನಿಂತಳು. ಗಂಡ ಊರುಗೋಲನ್ನು ಗೋಡೆಗೆ ಒರಗಿಸಿ, ಹೆಂಡತಿಯ ಪಕ್ಕದಲ್ಲಿ ಪುಟ್ಟ ಕುರ್ಚಿಯೊಂದರ ಮೇಲೆ ಕೂತ. ಮೊದಲ ಚಿತ್ರಕ್ಕೇ ಇಡೀ ಕೋಣೆ ನಕ್ಕಿತು. ಎರಡನೆಯದಕ್ಕೂ ನಕ್ಕಿತು. ಸಂಪಾದಕ ಗುರುತು ಹಾಕಿದ.

ಗಂಡ ಚಿತ್ರ ನೋಡುತ್ತಿರಲಿಲ್ಲ, ಮಕ್ಕಳನ್ನು ನೋಡುತ್ತಿದ್ದ. ಇಂಥ ಪರೀಕ್ಷೆಗಳಲ್ಲಿ ಅವನು ವರ್ಷಾನುಗಟ್ಟಲೆ ಕೂತಿದ್ದವನು. ಚಿತ್ರದ ಹತ್ತಿರ ಇರುವ ಮಗು ಮೊದಲು ನಗುತ್ತದೆ. ಹಿಂದಿನವು ಏನೋ ಏನೋ ಎಂದು ಕತ್ತು ಚಾಚಿ, ಮುಂದಿನವರನ್ನು ತಿವಿದು, ತಡವಾಗಿ ನಗುತ್ತವೆ. ಒಂದಕ್ಕೆ ಅರ್ಥವೇ ಆಗುವುದಿಲ್ಲ, ಇನ್ನೊಂದು ಎಲ್ಲ ಮುಗಿದ ಮೇಲೆ ಕಿಸಕ್ಕೆನ್ನುತ್ತದೆ. ಇಲ್ಲಿ ಎಲ್ಲರೂ ಒಟ್ಟಿಗೆ ಶುರು ಮಾಡಿ ಒಟ್ಟಿಗೆ ನಿಲ್ಲಿಸುತ್ತಿದ್ದರು.

ಮೂರನೆಯ ಚಿತ್ರಕ್ಕೆ ಹೋಗುವಾಗ ಎರಡು ಹಾಳೆ ಅಂಟಿಕೊಂಡು ಹೆಂಡತಿಯ ಬೆರಳು ತಡವರಿಸಿತು. ಟೀಚರ್ ಲೆಕ್ಕದ ಪ್ರಕಾರ ಕೈ ಎತ್ತಿದಳು. ಕೋಣೆ ನಕ್ಕಿತು. ಪುಟ ಇನ್ನೂ ತಿರುಗಿರಲಿಲ್ಲ.

“ಇಲ್ಲಿ ಕೊಡು,” ಎಂದು ಗಂಡ ಪುಸ್ತಕವನ್ನು ಮಂಡಿಯ ಮೇಲೆ ಇಟ್ಟುಕೊಂಡು ಪುಟ ಬಿಡಿಸಿದ. ಸ್ನಾನದ ತೊಟ್ಟಿಯ ಚಿತ್ರ ಬಂತು. ಮುಂದಿನ ಸಾಲಿನ ಹುಡುಗಿಯನ್ನು ಕರೆದ.

“ಪುಟ್ಟಿ, ಇದು ಯಾವ ಪ್ರಾಣಿ ಹೇಳು.”

ಅವಳು ಬಗ್ಗಿ ನೋಡಿದಳು. “ಎಮ್ಮೆ.”

“ಏನು ಮಾಡ್ತಿದೆ?”

“ಸತ್ತುಹೋಗಿದೆ.” ಆಮೇಲೆ ಟೀಚರ್ ಕಡೆ ತಿರುಗಿ, “ಮಿಸ್, ಈಗ ನಗಬೇಕಾ?” ಎಂದಳು.

ಟೀಚರ್ ಕೈ ಇಳಿಸಿದಳು. ಸಂಪಾದಕ ಹಾಕಿದ್ದ ಗುರುತುಗಳನ್ನು ರಬ್ಬರಿನಿಂದ ಅಳಿಸಿ, ಕಾರು ತರಲು ಹೊರಗೆ ಹೋದ.

ಗೇಟಿನ ಬಳಿ ಗಂಡ ಹೆಂಡತಿ ಇಬ್ಬರೇ ನಿಂತರು.

“ಹೋದ ಸಲಾನೂ ನಗಲಿಲ್ಲ, ಅಲ್ವಾ?”

“ಇಲ್ಲ.”

“ತೊಟ್ಟಿಗೂ?”

“ಯಾವುದಕ್ಕೂ ಇಲ್ಲ.”

ಅವನು ಊರುಗೋಲಿನ ಮೇಲೆ ಭಾರ ಬದಲಿಸಿದ. “ನನಗೆ ಸುಳ್ಳು ಹೇಳಿದ್ದು ಹೋಗ್ಲಿ. ಆ ಕೂಸುಗಳಿಗೆ ಯಾಕೆ ಕಲಿಸಿದೆ? ಅವು ಒಳ್ಳೆ ಪುಸ್ತಕ ಸಿಕ್ಕಿದ್ರೂ ಮಿಸ್ ಕೈ ನೋಡ್ತಾವೆ.”

ಅವಳು ಅಳಲಿಲ್ಲ. ಅವನ ಕೋಟಿನ ಗುಂಡಿ ತಪ್ಪಾಗಿತ್ತು, ಸರಿಮಾಡಲು ಕೈ ಚಾಚಿದಳು. ಅವನು ಬೇಡವೆಂದು ತಾನೇ ಎಡಗೈಯಲ್ಲಿ ಹಾಕಿಕೊಂಡ. ಅದಕ್ಕೆ ಬಹಳ ಹೊತ್ತು ಹಿಡಿಯಿತು.

ಕಾರಿನಲ್ಲಿ ಅವನೇ ಮಾತು ತೆಗೆದ. “ಬೇರೆಯವರಿಗೆ ಕೊಡಿ ಭಾವ.”

“ಅವಸರ ಏನಿಲ್ಲ. ಇನ್ನಾರು ತಿಂಗಳು ಅಭ್ಯಾಸ ಮಾಡಿ ನೋಡು.”

“ನೋಡಿದೆನಲ್ಲ. ಎಮ್ಮೆ ಸತ್ತಿದೆ.”

ಸಂಪಾದಕನಿಗೆ ನಗು ಬಂತು, ಕೆಮ್ಮಿ ನುಂಗಿಕೊಂಡ.

ಚಿತ್ರಗಳನ್ನು ಕಲಾಶಾಲೆಯಿಂದ ಆಗಷ್ಟೇ ಹೊರಬಂದ ಹುಡುಗಿಯೊಬ್ಬಳು ಹೊಸದಾಗಿ ಬರೆದಳು. ಪರೀಕ್ಷೆಗೆ ಬೇರೆ ಶಾಲೆಯನ್ನು ಆರಿಸಲಾಯಿತು. ಹೆಂಡತಿಯೇ ಓದಿದಳು. ಮಕ್ಕಳು ತೊಟ್ಟಿಯ ಪುಟಕ್ಕೂ ಬಾಗಿಲಿನ ಪುಟಕ್ಕೂ ನಕ್ಕರು. ಸಂಜೆ ಮನೆಗೆ ಬಂದು ಅವಳು ಅದನ್ನು ಗಂಡನಿಗೆ ಹಾಗೆಯೇ ಹೇಳಿದಳು.