ನಾಲ್ಕನೇ ನಂಬರಿನ ಬಿಲ್ಲೆ

ಆ ದಿನ ಬೆಳಗ್ಗೆ ಗಾಳಿಯೇ ಇರಲಿಲ್ಲ. ಮೋಡ ತಗ್ಗಿ ನಿಂತಿತ್ತು. ತಂತಿಯ ಮೇಲೆ ಹಾಕಿದ ಬಟ್ಟೆ ಅಲುಗಾಡದೆ ಜೋತುಬಿದ್ದಿತ್ತು. ಮುದುಕರು ಗೋಡೆಯ ಮಾಪಕ ನೋಡಿ ಪುಸ್ತಕದಲ್ಲಿ ಬರೆದರು: ಉಷ್ಣತೆ ಇಪ್ಪತ್ತೊಂದು, ತೇವ ಅರವತ್ತೆಂಟು.

"ನಿವೃತ್ತಿಯಾಗಿ ಹನ್ನೊಂದು ವರ್ಷ ಆಯ್ತು," ಒಳಗಿನಿಂದ ಹೆಂಡತಿ ಅಂದರು. "ಗಾಳೀಲಿ ಎಷ್ಟು ನೀರಿದೆ ಅಂತ ದಿನಾ ಬರೀತೀರ. ಕೊಡದಲ್ಲಿ ಎಷ್ಟಿದೆ ಅಂತ ಒಂದು ದಿನಾನಾದ್ರೂ ನೋಡಿದ್ದುಂಟಾ?"

ಮುದುಕರು ಪುಸ್ತಕ ಮುಚ್ಚಿಟ್ಟರು. ದೇವರ ಮುಂದೆ ನಿಂತು ಕೈಮುಗಿದರು. ಏನನ್ನೂ ಬೇಡಿಕೊಳ್ಳಲು ಬಾಯಿ ಬರಲಿಲ್ಲ. ಇಪ್ಪತ್ತಾರು ವರ್ಷದಿಂದಲೂ ಹಾಗೆಯೇ. ಪಟದ ಹಿಂದಿನಿಂದ ಹಿತ್ತಾಳೆಯ ಬಿಲ್ಲೆಯೊಂದನ್ನು ತೆಗೆದು ಜೇಬಿಗಿಳಿಸಿ ಹೊರಟರು.

ದೇಶದ ಅಳತೆಗಳನ್ನೆಲ್ಲ ಕಾಯುವ ಪ್ರಯೋಗಾಲಯದಲ್ಲಿ ಅವರು ತೂಕದ ಕೋಣೆಯ ಮುಖ್ಯಸ್ಥರಾಗಿದ್ದವರು. ಆ ಕೋಣೆಯಲ್ಲಿ, ಒಂದರ ಮೇಲೊಂದು ಕವುಚಿದ ಎರಡು ಗಾಜಿನ ಮುಚ್ಚಳಗಳೊಳಗೆ ದೇಶದ ಮೂಲ ಕಿಲೋ ಇತ್ತು. ಹೆಬ್ಬೆರಳೆತ್ತರದ ಪ್ಲಾಟಿನಂ ತುಂಡು ಅದು; ಊರೂರಿನ ಅಂಗಡಿಗಳ ತೂಕದ ಬಟ್ಟುಗಳಿಗೆಲ್ಲ ಅದೇ ಅಜ್ಜ. ಮನುಷ್ಯನ ಮೈಶಾಖಕ್ಕೇ ಅಲ್ಲಿನ ತಕ್ಕಡಿ ಬೆದರುತ್ತಿದ್ದುದರಿಂದ ಒಳಗೆ ಒಮ್ಮೆಗೆ ಒಬ್ಬರೇ. ಹೋಗುವವರು ತಮ್ಮ ನಂಬರಿನ ಬಿಲ್ಲೆಯನ್ನು ಬಾಗಿಲ ಮೊಳೆಗೆ ತೂಗುಹಾಕಬೇಕು. ಒಂದನೆಯದು ಅವರದು. ನಾಲ್ಕನೆಯದು ಅವರೇ ಕೆಲಸ ಕಲಿಸಿದ ಹುಡುಗಿಯದು. ಅವರನ್ನು ಬಾಯಿತುಂಬ 'ಅಣ್ಣಾ' ಎನ್ನುತ್ತಿದ್ದಳು.

ಕಿಲೋವನ್ನು ಬರಿಗೈಯಿಂದ ಮುಟ್ಟುವಂತಿರಲಿಲ್ಲ. ತುದಿಗೆ ಮೆತ್ತನೆಯ ಚರ್ಮ ಸುತ್ತಿದ ಇಕ್ಕಳದಿಂದ ಎತ್ತಬೇಕಿತ್ತು. ಒಂದು ದಿನ ಆ ಚರ್ಮ ಬಿರುಕುಬಿಟ್ಟದ್ದು ಅವರ ಕಣ್ಣಿಗೆ ಬಿತ್ತು. ಹೊಸದನ್ನು ಹದಮಾಡಿ ಸುತ್ತಲು ಮೂರು ದಿನ ಬೇಕು. ಇದೊಂದು ಸಲ ಎಂದುಕೊಂಡು ಅದರಿಂದಲೇ ಕಿಲೋವನ್ನು ಎತ್ತಿಟ್ಟರು. 'ಟಿಕ್' ಎಂದಿತು, ಅಷ್ಟೇ. ದಾಖಲೆ ಪುಸ್ತಕದ ಷರಾ ಕಾಲಂ ಖಾಲಿ ಬಿಟ್ಟು ಹೊರಬಂದರು.

ಮಾರನೆಯ ದಿನ ಕಿಲೋದ ಭುಜದ ಮೇಲೆ ಕೂದಲೆಳೆಯಷ್ಟು ಗೀರು ಕಂಡದ್ದು ಹುಡುಗಿಗೆ. ಕಂಡದ್ದನ್ನು ಕಂಡ ಹಾಗೆ ಬರೆದಳು. ವಿಚಾರಣೆಯವರು ಇವರನ್ನು ಕೇಳಿದರು: ಹಿಂದಿನ ದಿನ ಇಕ್ಕಳ ಸರಿಯಾಗಿತ್ತೇ? ಆ ವರ್ಷ ದೇಶದ ಕಿಲೋವನ್ನು ಜಗತ್ತಿನ ಕಿಲೋದೊಡನೆ ತೂಗಿಸಿ ತರಲು ಇವರೇ ಹೊರದೇಶಕ್ಕೆ ಹೋಗುವವರಿದ್ದರು. "ಸರಿಯಾಗಿತ್ತು," ಅಂದರು.

ಹಾಗಾಗಿ ತಪ್ಪು ಹುಡುಗಿಯ ತಲೆಗೆ ಬಂತು; ಅವಳನ್ನು ಅಂಗಡಿ ತಕ್ಕಡಿಗಳಿಗೆ ಮುದ್ರೆ ಒತ್ತುವ ವಿಭಾಗಕ್ಕೆ ಹಾಕಿದರು. ಅವಳ ಬಿಲ್ಲೆಯನ್ನು ಮೊಳೆಯಿಂದ ತೆಗೆದವರೂ ಇವರೇ. ಕಛೇರಿಗೆ ಒಪ್ಪಿಸಬೇಕಿತ್ತು, ಮನಸ್ಸಾಗಲಿಲ್ಲ.

ಈಗ ಕಿಲೋ ಎಂದರೆ ಎಷ್ಟೆಂದು ಲೋಹ ಹೇಳಬೇಕಾಗಿಲ್ಲ. ಸೃಷ್ಟಿಯಲ್ಲೇ ಇರುವ ಬದಲಾಗದ ಸಂಖ್ಯೆಯೊಂದು ಹೇಳುತ್ತದೆ. ಹಾಗಾಗಿ ಅಜ್ಜನಿಗೂ ನಿವೃತ್ತಿ. ಪ್ರಯೋಗಾಲಯದ ಹೊಸ ಸಂಗ್ರಹಾಲಯದಲ್ಲಿ ಅದಕ್ಕೊಂದು ಗಾಜಿನ ಪೆಟ್ಟಿಗೆ. ಪಕ್ಕದಲ್ಲಿ ಹಳೆಯ ದಾಖಲೆ ಪುಸ್ತಕ, ಮೇಲೆ ಇವರ ಫೋಟೋ.

ಇವತ್ತು ಹಳಬರನ್ನೆಲ್ಲ ಕರೆದಿದ್ದರು. ಇವರು ಒಳಗೆ ಬಂದಾಗ ಪೆಟ್ಟಿಗೆಯ ಮುಂದೆ ನಾಲ್ಕನೇ ನಂಬರಿನ ಆಕೆ ನಿಂತಿದ್ದಳು, ತಲೆ ನರೆತಿತ್ತು.

"ಬನ್ನಿ ಸಾರ್. ಫೋಟೋದಲ್ಲಿ ತಲೆ ತುಂಬ ಕೂದಲು!"

"ನೀನು ಹೇಗಿದ್ದೀಯಮ್ಮ?"

"ಹತ್ತೊಂಬತ್ತು ವರ್ಷ ಈರುಳ್ಳಿ ತಕ್ಕಡಿಗೆ ಮುದ್ರೆ ಹೊಡೆದೆ. ನನ್ನ ಕಂಡ್ರೆ ಅಂಗಡಿಯವರು ಬೀದಿ ದಾಟ್ಕೊಂಡು ಹೋಗ್ತಿದ್ರು."

"ತಂಗೀ, ಆ ಗೀರು..."

"ಎಡಗೈಲಿ ಇಕ್ಕಳ ಹಿಡಿದೋರು ಹಾಕಿದ್ದು ಸಾರ್. ನೋಡಿ, ಹೇಗೆ ವಾಲಿದೆ. ನಮ್ಮಲ್ಲಿ ಎಡಗೈಲಿ ಕೆಲಸ ಮಾಡ್ತಿದ್ದೋರು ನೀವೊಬ್ರೇ."

ಅವರು ಗಾಜಿನ ಹತ್ತಿರಕ್ಕೆ ಬಗ್ಗಿ ಗೀರು ನೋಡಿದರು. "ಅವತ್ತೇ ಗೊತ್ತಿತ್ತಾ? ಯಾಕೆ ಬಾಯಿ ಬಿಡ್ಲಿಲ್ಲ?"

"ನೀವೇ ಹೇಳ್ತೀರ ಅಂತ ಕಾದೆ. ಎರಡು ವರ್ಷ ಕಾದೆ. ಆಮೇಲೆ ಕೆಲಸ ಜಾಸ್ತಿ ಆಯ್ತು."

ಅವರು ಸಂಗ್ರಹಾಲಯ ನೋಡಿಕೊಳ್ಳುವ ಹುಡುಗಿಯನ್ನು ಕರೆದು, ಒಂದು ಸಾಲು ಬರೆಯಬೇಕು, ದಾಖಲೆ ಪುಸ್ತಕ ಹೊರತೆಗೆದುಕೊಡು ಎಂದು ಕೇಳಿಕೊಂಡರು.

"ಅಯ್ಯೋ ತಾತ, ಅದರಲ್ಲಿ ಬರೆಯೋ ಹಾಗಿಲ್ಲ. ಈಗ ಅದು ಚರಿತ್ರೆ."

"ಅದರ ಮೊದಲ ಪುಟ ಓದಮ್ಮ."

ಅವಳು ಬೀಗ ತೆಗೆದು ಓದಿದಳು: ಯಾವ ತಪ್ಪನ್ನೂ ಅಳಿಸಕೂಡದು, ತಿದ್ದುವವರು ತಿದ್ದಿದ ದಿನದ ತಾರೀಖಿನೊಡನೆ ಸಹಿ ಮಾಡತಕ್ಕದ್ದು. ಓಡಿಹೋಗಿ ನಿರ್ದೇಶಕರನ್ನು ಕೇಳಿಬಂದಳು. ಪುಸ್ತಕವನ್ನು ಮೇಜಿನ ಮೇಲಿಟ್ಟಳು.

ಖಾಲಿ ಉಳಿದಿದ್ದ ಷರಾ ಕಾಲಮಿನಲ್ಲಿ, ಎಡಗೈಯಿಂದ, ಅವರು ಬರೆದರು: ಚರ್ಮ ಬಿರುಕುಬಿಟ್ಟಿತ್ತು. ಗೊತ್ತಿದ್ದೂ ಬಳಸಿದೆ. ಗೀರು ನನ್ನದು. ಈ ದಿನದ ತಾರೀಖು ಹಾಕಿ ಸಹಿ ಮಾಡಿದರು.

ಆಕೆ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದಳು. "ಅಕ್ಷರ ಮಾತ್ರ ಹಾಗೇ ಇದೆ ಸಾರ್," ಅಂದಳು. ಅಣ್ಣಾ ಅನ್ನಲಿಲ್ಲ.

ಅವರು ಜೇಬಿಗೆ ಕೈಹಾಕಿದರು. ವರ್ಷಗಟ್ಟಲೆ ಒರೆಸಿ ಒರೆಸಿ ನಾಲ್ಕೆಂಬ ಅಂಕಿ ಮಸುಕಾಗಿತ್ತು. ಬಿಲ್ಲೆಯನ್ನು ಆಕೆಯ ಅಂಗೈಯಲ್ಲಿಟ್ಟು ತಮ್ಮ ಕೈ ಹಿಂದಕ್ಕೆ ತೆಗೆದುಕೊಂಡರು.